ನೀರು ಬಂದಾವು

ಬ್ಲೇಕ್ನಿಯ ಕಟ್ಟೆಗೆ ನಾವು ಬಂದಾಗ ಒಂಬತ್ತು ಹತ್ತು.
ದೋಣಿ ಇನ್ನೂ ಕೆಸರಿನಲ್ಲಿ ಒಂದು ಮಗ್ಗುಲಾಗಿ
ಎಮ್ಮೆಯ ಹಾಗೆ ಬಿದ್ದಿತ್ತು.
ಹನ್ನೊಂದು ಅಡಿ. ಇಬ್ಬರ ಪಾಲು, ತಲಾ ಇನ್ನೂರೈವತ್ತು ಪೌಂಡು.
ಹೆಸರಿನ ಬಣ್ಣ ಉದುರಿ ಉಳಿದಿರುವುದು ಬಾಲ ಮಾತ್ರ: 'ಯೆನ್ಸ್'.
ಪೇಶಿಯೆನ್ಸ್ ಇದ್ದೀತು ಅಂತಾಳೆ ಡಾಫ್ನಿ ಥರ್ಟಲ್.
ಸೈಯೆನ್ಸ್ ಯಾಕಾಗಬಾರದು ಅಂತೀನಿ ನಾನು.
ಕನ್ನಡಕದಂಗಡಿಯಲ್ಲಿ ಹನ್ನೆರಡು ವರ್ಷ ಅಕ್ಕಪಕ್ಕ ನಿಂತು
ಬಂದವರಿಗೆಲ್ಲ ಕೊನೆಯ ಸಾಲು ಓದಿ ಎಂದವರು,
ನಮ್ಮದೇ ದೋಣಿಯ ಹೆಸರು ನಮಗೆ ಓದಲು ಬಾರದು.

ಅವಳ ಜೇಬಿನಲ್ಲಿ ಹಳದಿ ರಟ್ಟಿನ ಪುಟ್ಟ ಪುಸ್ತಕ.
ಯಾವ ದಿನ ಎಷ್ಟು ಹೊತ್ತಿಗೆ ಉಬ್ಬರ, ಎಷ್ಟು ಎತ್ತರ,
ಗಂಟೆ ನಿಮಿಷ ಸಮೇತ.
ಮೊದಲ ಸಲ ತೆರೆದಾಗ ನನಗೆ ಕಂಡದ್ದು
ಗದಗಿನ ಓಣಿಮನೆಯ ಗೋಡೆ, ಮೊಳೆ, ಕ್ಯಾಲೆಂಡರು,
ಎಂಟು ದಿನಕ್ಕೊಮ್ಮೆ ಅವ್ವ ಹಾಕಿದ ನೀಲಿ ಸುತ್ತು.
ಬೆಳಗಿನ ಮೂರಕ್ಕೆ ನಳ ಮೊದಲು ಕೆಮ್ಮುತ್ತಿತ್ತು,
ಗಾಳಿ ಉಗುಳುತ್ತಿತ್ತು,
ಆಮೇಲೆ ಅವ್ವನ ಕೂಗು:
ಏಳ್ರಿ, ನೀರು ಬಂದಾವು!

ನಮ್ಮ ಕಡೆ ನೀರು ಬಹುವಚನ.
ಅಪರೂಪಕ್ಕೆ ಬರುವ ಬೀಗರನ್ನು
ಏಕವಚನದಲ್ಲಿ ಕರೆಯಲಾದೀತೆ?

ಇಲ್ಲಿ ಕೆಮ್ಮಿಲ್ಲ.
ಕಾಲುವೆಯ ತಳದಲ್ಲಿ ಕಂದು ನಾಲಿಗೆಯೊಂದು
ಸುಮ್ಮನೆ ಮುಂದೆ ಬಂತು,
ಏಡಿಯ ತೂತುಗಳನ್ನು ಒಂದೊಂದೇ ತುಂಬಿಸುತ್ತ,
ಮೊದಲು ತಂಬಿಗೆ, ಆಮೇಲೆ ಕೊಡ, ಆಮೇಲೆ ಹಂಡೆ.
ಎಮ್ಮೆ ಮಗ್ಗುಲು ಬದಲಿಸಿತು.
ಎದ್ದಿತು.

ಹುಟ್ಟು ನನ್ನ ಕೈಯಲ್ಲಿ.
ನಮ್ಮ ಭಾಷೆಯಲ್ಲಿ ಇದಕ್ಕೂ ಜನ್ಮಕ್ಕೂ ಒಂದೇ ಮಾತು ಎಂದೆ.
ಹಾಗಾದರೆ ಎಡಗಡೆಯ ಜನ್ಮ ಸ್ವಲ್ಪ ಜೋರಾಗಿ ಎಳಿ,
ದಂಡೆಗೆ ಬಡಿಯುತ್ತಿದ್ದೇವೆ, ಎಂದಳು.

ಬಾಯಿ ದಾಟಿದ ಮೇಲೆ ಹಾಯಿ ಬಿಚ್ಚಿದೆವು. ಗಾಳಿ ಇತ್ತು, ಇರಲಿಲ್ಲ, ಇತ್ತು.
ಮರಳದಿಣ್ಣೆಯ ಮೇಲೆ ಸೀಲುಗಳು
ಮದುವೆಮನೆಯ ಮಧ್ಯಾಹ್ನದೂಟ ಮುಗಿಸಿದ ಹಿರಿಯರಂತೆ
ಹೊಟ್ಟೆ ಮೇಲೆ ಮಾಡಿ ಒರಗಿದ್ದವು.
ಒಂದು ಮಾತ್ರ ನೀರಿನಿಂದ ತಲೆಯೆತ್ತಿ
ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿತು,
ಕನ್ನಡಕ ಬೇಕಾದವರು ನೋಡುವ ಹಾಗೆ.
ನಂಬರು ಎರಡೂವರೆ ಅಂದೆ. ಮೂರು ಅಂದಳು.
ಈ ವಾದದಲ್ಲೇ ಇಳಿತ ನಮ್ಮ ಕೆಳಗಿಂದ ನುಸುಳಿ ಹೋಗಿತ್ತು.

ವಾಪಸು ದಾರಿಯಲ್ಲಿ ತಳ ಕರ್ ಎಂದಿತು.
ಇಳಿದು ನೂಕಲು ಹೋದೆ, ಮೊಣಕಾಲಿನವರೆಗೆ ಕೆಸರು,
ಕಾಲು ಬಂತು, ಬೂಟು ಬರಲಿಲ್ಲ.
ಡಾಫ್ನಿ ತಮ್ಮನಿಗೆ ಫೋನು ಮಾಡಿದಳು:
ಜೀವಕ್ಕೇನೂ ಅಪಾಯವಿಲ್ಲ, ಮರ್ಯಾದೆಗಷ್ಟೇ.
ಆಗ ಗಂಟೆ ಒಂದೂವರೆ. ಪುಸ್ತಕದ ಪ್ರಕಾರ
ರಾತ್ರಿ ಹತ್ತರತನಕ ನಾವು ಭೂವಾಸಿಗಳು.

ಸೌತೆಕಾಯಿ ಸ್ಯಾಂಡ್‌ವಿಚ್ಚಿನೊಳಗೆ ಶೇಂಗಾ ಹಿಂಡಿ ಉದುರಿಸಿ ತಂದಿದ್ದೆ.
ಕುಡಿಯುವ ನೀರು ಒಂದೇ ಬಾಟಲಿ.
ಮುಚ್ಚಳದಲ್ಲಿ ಅಳೆದು ಕೊಟ್ಟೆ, ಒಂದು ಹನಿ ಚೆಲ್ಲದೆ.
ಎಲ್ಲಿ ಕಲಿತೆ ಇದನ್ನು ಎಂದಳು.
ಆಗ ಹೇಳಿದೆ ನೀರುಗಂಟಿ ದ್ಯಾಮಣ್ಣನ ಸುದ್ದಿ:
ಸೈಕಲ್ಲಿನ ದಂಡಕ್ಕೆ ಕಟ್ಟಿದ ಆಳುದ್ದದ ಕಬ್ಬಿಣದ ಚಾವಿ,
ಅವನ ಮಗಳ ಮದುವೆಗೆ ಓಣಿಗೆ ಓಣಿಯೇ ಆಯೇರಿ ಹೊತ್ತದ್ದು,
ಅವನಿಗೆ ಜ್ವರ ಬಂದ ವಾರ
ಅವ್ವ ದೇವರಿಗೆ ಹರಕೆ ಹೊತ್ತದ್ದು.

ಅವಳು ನಗಲಿಲ್ಲ.
ಹಾಯಿಯನ್ನು ಹೊದ್ದು ಮಲಗಿದಳು, ಎಪ್ಪತ್ತರ ಮುದುಕಿ,
ಬಾಯಿ ತುಸು ತೆರೆದು.

ಬೆಳಕು ಹೋಗಲೊಲ್ಲದ ಜೂನ್ ತಿಂಗಳು.
ಪಡುವಣಕ್ಕೆ ಅರ್ಧಕ್ಕೂ ಕಡಿಮೆ ಚಂದ್ರ,
ಚಾವಿಯ ಹಿಡಿಯಷ್ಟೇ ಕಾಣುತ್ತಿತ್ತು,
ಮಿಕ್ಕದ್ದು ಕತ್ತಲೊಳಗೆ ಯಾವುದೋ ವಾಲ್ವಿನ ಮೇಲಿರಬೇಕು.
ಎಲ್ಲೋ ದೂರ ಮರಳು ಸಣ್ಣಗೆ ಸದ್ದು ಮಾಡಿತು.

ನಾನು ಕೂಗಬೇಕೆಂದು ಕೂಗಲಿಲ್ಲ.
ನನ್ನ ಗಂಟಲಲ್ಲಿ ಅವ್ವ ಎದ್ದು ಕೂತಿದ್ದಳು.
ಡಾಫ್ನಿ ಬೆಚ್ಚಿ ಎದ್ದಳು.
ಏನದು? ಎಂದಳು.
ನೀರು ಬಂದರು ಎಂದೆ ಅವಳ ಭಾಷೆಯಲ್ಲಿ, ತಪ್ಪಾಗಿಯೇ.
ಕತ್ತಲಲ್ಲಿ ಕೈಯಾಡಿಸಿ ಟೊಪ್ಪಿ ಹುಡುಕುತ್ತ
ಎಷ್ಟು ಮಂದಿ? ಎಂದು ಕೇಳಿದಳು.